ಎಲೆ ನೀರಿಗೆ ಬಿದ್ದ ‘ಮೊರ’

ಮೊನ್ನೆ ಶ್ರಾವಣದ ಜಿಟಿಜಿಟಿ ಮಳೆ ಹಿಡಿದಾಗ ಬೀಡಿ ಎಲೆಯ ಕಟ್ಟು ಬಿಚ್ಚಿ ಬಕೆಟ್ಟಿನಲ್ಲಿ ಅದ್ದಿದೆ. ಒದ್ದೆ ಎಲೆ, ಒದ್ದೆ ಗೋಣಿಚೀಲ, ಮೇಲೆ ತಂಬಾಕಿನ ಘಾಟು. ಮೂರೂ ಕೂಡಿದರೆ ಒಂದು ವಾಸನೆ ಏಳುತ್ತದೆ. ನಿಪ್ಪಾಣಿಯ ನಮ್ಮ ಓಣಿಯಲ್ಲಿ ಹುಟ್ಟಿದ ಕೂಸಿಗೂ ಅದು ಗೊತ್ತು. ಆದರೆ ಪಂಚಮಿ ಹತ್ತಿರ ಬಂದಾಗ ಆ ವಾಸನೆ ಮೂಗಿಗೆ ಬಡಿದರೆ ನನ್ನ ಎದೆ ಈಗಲೂ ಧಸಕ್ಕೆನ್ನುತ್ತದೆ. ಕೆಲವು ವರ್ಷದ ಹಿಂದೆ ಇಂಥದೇ ಮಳೆಯಲ್ಲಿ, ಇದೇ ಬಕೆಟ್ಟಿನಲ್ಲಿ ನಾನೊಂದು ಫೋನು ಮುಳುಗಿಸಿದೆ. ಬೇಕೆಂದೇ ಮುಳುಗಿಸಿದೆ.

ಅಶ್ವಿನಿ, ನನ್ನ ಮಗನ ಮಗಳು, ಅದನ್ನು ಬರೆದುಕೊಡು ಎಂದು ಬೆನ್ನು ಹತ್ತಿದ್ದಾಳೆ. ನಾನು ಕಲಿತದ್ದು ಮೂರನೆಯ ಇಯತ್ತೆವರೆಗೆ. ಬರೆದರೆ ಸಾಲು ಸೊಟ್ಟ ಹೋಗುತ್ತದೆ, ಅವಳು ನೆಟ್ಟಗೆ ಮಾಡುತ್ತಾಳೆ. ಜನರ ಹೆಸರು ಬದಲಿಸು ಎಂದಳು, ಬದಲಿಸಿದ್ದೇನೆ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಆಗಲಿ. ಈಗ ಕೆಡುವಂಥದ್ದು ಏನೂ ಉಳಿದಿಲ್ಲ.

ನಾನು ಲಗ್ನವಾಗಿ ಈ ಓಣಿಗೆ ಬಂದಾಗ ಇಲ್ಲಿ ಅಷ್ಟು ಅಕ್ಷರ ಬಲ್ಲ ಸೊಸೆ ನಾನೊಬ್ಬಳೇ. ಬೀಡಿ ಕಟ್ಟುವಾಗ ಎರಡೂ ಕೈಗೆ ಕೆಲಸ, ಕಣ್ಣಿಗೂ ಕೆಲಸ, ಕಿವಿ ಮಾತ್ರ ಖಾಲಿ. ಅದಕ್ಕೆ ಬಸ್ ಸ್ಟ್ಯಾಂಡಿನ ಅಂಗಡಿಯಿಂದ ಒಂದು ಮಾಸಪತ್ರಿಕೆ ತರಿಸುತ್ತಿದ್ದೆವು. ಹೆಂಗಸರು ಕಟ್ಟೆಯ ಮೇಲೆ ಮೊರ ತೊಡೆಗಿಟ್ಟುಕೊಂಡು ಕಟ್ಟುತ್ತಿದ್ದರು, ನಾನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದೆ. ಓದುವವಳಿಗೆ ಕಟ್ಟಲು ಆಗುವುದಿಲ್ಲ. ಆದ್ದರಿಂದ ಏಳುವ ಹೊತ್ತಿಗೆ ಒಬ್ಬೊಬ್ಬಳೂ ತನ್ನ ಮೊರದಿಂದ ಒಂದು ಹಿಡಿ ಬೀಡಿ ತೆಗೆದು ಓದಿದವಳ ಮೊರಕ್ಕೆ ಹಾಕಿ ಹೋಗಬೇಕು. ಮಾತಿಲ್ಲ ಕತೆಯಿಲ್ಲ, ಹಾಕಿ ಹೋಗುವುದು. ಅದು ರೂಢಿ. ಒಬ್ಬಿಬ್ಬರು ಸಡಿಲು ಬೀಡಿ ಹಾಕುತ್ತಿದ್ದರು. ಸಡಿಲು ಬೀಡಿಯನ್ನು ಕಾರಖಾನೆಯವರು ಹರಿದು ಒಗೆಯುತ್ತಾರೆ. ನಾನು ಒತ್ತಿ ನೋಡಿ, ಸಡಿಲಿದ್ದರೆ ಅವರ ಮುಖಕ್ಕೆ ತಿರುಗಿ ಒಗೆಯುತ್ತಿದ್ದೆ.

ಮುಂದೆ ಏಳನೆತ್ತೆ, ಎಂಟನೆತ್ತೆ ಕಲಿತ ಸೊಸೆಯರು ಬಂದರು. ಪತ್ರಿಕೆ ಮನೆಯಿಂದ ಮನೆಗೆ ತಿರುಗಲು ಶುರುವಾಯಿತು. ಹೋಗುವಾಗ ಕೋರಾ, ಬರುವಾಗ ಅಂಚು ತುಂಬ ಪೆನ್ಸಿಲ್ಲು. ಈ ಕತೆಯ ಗಂಡ ನಮ್ಮನೆಯವರ ಹಾಗೇ ಇದ್ದಾನೆ ಎಂದು ಒಬ್ಬಳು ಬರೆದರೆ, ನಿಮ್ಮನೆಯವರು ಇಷ್ಟು ಮಾತಾಡುತ್ತಾರೇನು ಎಂದು ಕೆಳಗೆ ಇನ್ನೊಬ್ಬಳು. ನಳಕ್ಕೆ ನೀರು ಬಂದರೆ ನನ್ನನ್ನೂ ಕರಿ ಎಂದು. ಅತ್ತೆಗೆ ಹೇಳಬೇಡ, ತವರಿಗೆ ಫೋನು ಮಾಡಿದ್ದೆ ಎಂದು. ಇದೆಲ್ಲ ಅತ್ತೆಯರ ಎದುರಿಗೇ ನಡೆಯುತ್ತಿತ್ತು. ಅತ್ತೆಯರಿಗೆ ಓದು ಬಾರದು, ಹಾಳೆಗೆ ಬಾಯಿಲ್ಲ. ಸೊಸೆಯರಿಗೆ ಅದಕ್ಕಿಂತ ಭದ್ರವಾದ ಜಾಗ ಆ ಓಣಿಯಲ್ಲಿ ಬೇರೆ ಇರಲಿಲ್ಲ.

ಆಮೇಲೆ ಅಂಗಡಿಗೆ ಆ ಪತ್ರಿಕೆ ಬರುವುದೇ ನಿಂತಿತು. ಅಶ್ವಿನಿ ಚಿಕ್ಕೋಡಿಯ ಕಾಲೇಜಿಗೆ ಹೋಗುತ್ತಿದ್ದಳು. ಅಂತರ್ಜಾಲದಲ್ಲಿ ಒಂದು ಜಾಗವಿದೆ, ಅಲ್ಲಿ ಯಾರು ಬೇಕಾದರೂ ತಮ್ಮ ಪತ್ರಿಕೆ ಮಾಡಿ ಇಡಬಹುದು, ಯಾರು ಬೇಕಾದರೂ ಬಂದು ಓದಬಹುದು ಎಂದಳು. ಅಚ್ಚಿಲ್ಲ, ಟಪಾಲಿಲ್ಲ. ನಮ್ಮ ಓಣಿಯ ಹೆಂಗಸರ ಮಾತು ಬರೆದುಕೊಂಡು, ಫೋಟೋ ತೆಗೆದು, ತಿಂಗಳಿಗೊಂದು ಸಂಚಿಕೆ ಮಾಡತೊಡಗಿದಳು. ಹೆಸರು ‘ಮೊರ’. ಬೆರಳಿನಿಂದ ಸರಿಸಿದರೆ ಹಾಳೆ ಮಗುಚಿಕೊಳ್ಳುತ್ತಿತ್ತು, ಹಾಳೆಯ ಸದ್ದೂ ಬರುತ್ತಿತ್ತು. ಮುಖಪುಟದ ಕೆಳಗೆ ಒಂದು ಕಣ್ಣಿನ ಚಿತ್ರ, ಅದರ ಪಕ್ಕದಲ್ಲಿ ಎಷ್ಟು ಜನ ನೋಡಿದರು ಎಂಬ ಲೆಕ್ಕ. ಇನ್ನೊಂದು ಕಿವಿಯ ಚಿತ್ರ, ಅದನ್ನು ಒತ್ತಿದರೆ ಫೋನೇ ಓದುತ್ತಿತ್ತು. ಹೆಣ್ಣಿನ ಧ್ವನಿ, ಏರಿಲ್ಲ ಇಳಿವಿಲ್ಲ, ಸತ್ತ ಸುದ್ದಿ ಹೇಳಿದರೂ ಹಬ್ಬದ ಸುದ್ದಿ ಹೇಳಿದರೂ ಒಂದೇ.

ಅಶ್ವಿನಿ ತನ್ನ ಹಳೆಯ ಫೋನು ನನಗೆ ಕೊಟ್ಟಿದ್ದಳು. ಅದನ್ನು ಹಿತ್ತಾಳೆಯ ಚರಿಗೆಯೊಳಗೆ ನಿಲ್ಲಿಸಿದರೆ ಧ್ವನಿ ಕಟ್ಟೆಗೆಲ್ಲ ಕೇಳುತ್ತಿತ್ತು. ಯಾರೂ ಓದುವ ಹಾಗಿಲ್ಲ, ಯಾರ ಮೊರಕ್ಕೂ ಹಿಡಿ ಹಾಕುವ ಹಾಗಿಲ್ಲ, ಎಲ್ಲರ ಕೈಯೂ ಓಡುತ್ತಿತ್ತು. ಒಳ್ಳೆಯದೇ ಆಯಿತು ಎಂದೆವು.

ಪ್ರತಿ ಬರಹದ ಕೆಳಗೆ ಓದಿದವರು ಏನಾದರೂ ಬರೆಯಲೆಂದು ಖಾಲಿ ಜಾಗವಿತ್ತು. ಸೊಸೆಯರು ಅದನ್ನು ಪತ್ರಿಕೆಯ ಅಂಚು ಎಂದೇ ತಿಳಿದರು. ಅವರ ಹತ್ತಿರ ಇದ್ದವು ಗುಂಡಿಯ ಫೋನು, ಅದರಲ್ಲಿ ಇದು ಬಾರದು. ಬಿಡುವಾದಾಗ ಬಂದು ನನ್ನ ಗೂಡಿನಲ್ಲಿದ್ದ ಫೋನು ತೆಗೆದು ಬರೆದು, ಕೆಳಗೆ ಹೆಸರು ಹಾಕಿ, ತಿರುಗಿ ಗೂಡಿಗೆ ಇಡುತ್ತಿದ್ದರು. ‘ಆಯಿ, ಅಲ್ಲಿ ಬರದದ್ದು ಊರಿಗೆಲ್ಲ ಕಾಣ್ತೈತಿ’ ಎಂದು ಅಶ್ವಿನಿ ಒಮ್ಮೆ ಹೇಳಿದ್ದಳು. ನಾನು ತಲೆ ಅಲ್ಲಾಡಿಸಿದ್ದೆ. ಫೋನು ನಮ್ಮ ಗೂಡಿನಲ್ಲಿದೆ, ಬರೆದದ್ದು ಆ ಫೋನಿನಲ್ಲಿದೆ. ಅದು ಎದ್ದು ಹೋಗುವುದೆಲ್ಲಿಗೆ ಎಂದು ನನ್ನ ತಿಳುವಳಿಕೆ.

ನಮ್ಮ ಮನೆಗೂ ಹೌಸಾಬಾಯಿಯ ಮನೆಗೂ ನಡುವೆ ಒಂದೇ ಗೋಡೆ. ಹೌಸಾ ನನ್ನ ಓರಗೆಯವಳು. ವಯಸ್ಸಿನ ಕಾಲವನ್ನೆಲ್ಲ ತಂಬಾಕು ಜರಡಿ ಹಿಡಿಯುವ ವಖಾರಿಯಲ್ಲಿ, ಯಂತ್ರದ ಮಗ್ಗುಲಲ್ಲಿ ಕಳೆದವಳು. ಆ ಸದ್ದಿಗೆ ಅವಳ ಕಿವಿ ಹೋಗಿವೆ ಎಂದು ಓಣಿಗೆಲ್ಲ ಗೊತ್ತು. ಅವಳೊಡನೆ ಮಾತಾಡಬೇಕೆಂದರೆ ನಾವು ಕೂಗುತ್ತಿದ್ದೆವು. ಫೋನು ಓದುವಾಗಲೂ ಬಂದು ಕೂರುತ್ತಿದ್ದಳು. ಕೇಳುವುದಿಲ್ಲ, ಯಾಕೆ ಕೂರುತ್ತೀ ಎಂದರೆ, ‘ಮನ್ಯಾಗ ಒಬ್ಬಾಕಿನ ಗ್ವಾಡಿ ನೋಡ್ಕೋಂತ ಕುಂದರ್ಲೇನ’ ಎನ್ನುತ್ತಿದ್ದಳು.

ಅವಳ ಮಗ ಬಾಳು ಇಚಲಕರಂಜಿಯ ಮಗ್ಗದ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಬರುವವನು. ಸೊಸೆ ಸಂಗೀತಾ ಅಥಣಿ ಕಡೆಯವಳು. ಅವರ ಮಗಳು ದೀಪಾ ಆಗ ಒಂಬತ್ತನೆಯ ಇಯತ್ತೆ. ಹೌಸಾಳ ಮಗಳು ಶೋಭಾಳನ್ನು ಕಾಗವಾಡಕ್ಕೆ, ದ್ರಾಕ್ಷಿ ತೋಟದ ಮನೆಗೆ ಕೊಟ್ಟಿದ್ದರು. ಶೋಭಾಳ ಮಗನಿಗೆ ದೀಪಾಳನ್ನು ತಂದುಕೊಳ್ಳುವುದು ಎಂದು ಆ ಬೇಸಿಗೆಯಲ್ಲಿ ಮಾತಾಯಿತು. ದೀಪಾವಳಿ ದಾಟಿದ ಮೇಲೆ ಸಾಖರಪುಡಾ. ಹುಡುಗಿಯ ಉಡಿಗೆ ಸಕ್ಕರೆ ಬಿತ್ತೆಂದರೆ ಮಾತು ಗಟ್ಟಿ, ಮುಂದೆ ಯಾರೂ ಹಿಂದೆ ಸರಿಯುವಂತಿಲ್ಲ. ಹುಡುಗ ಕೆಟ್ಟವನಲ್ಲ, ಮನೆಯೂ ಕೆಟ್ಟದ್ದಲ್ಲ. ಆದರೆ ದೀಪಾ ಇನ್ನೂ ಓಣಿಯಲ್ಲಿ ಕುಂಟಾಟ ಆಡುತ್ತಿದ್ದಳು.

ಸರ್ಕಾರದವರಿಗೆ ಫೋನು ಮಾಡೋಣ ಎಂದು ಅಶ್ವಿನಿ ಅಂದಳು. ಮಾಡಬಹುದು. ಅವರು ಜೀಪಿನಲ್ಲಿ ಬಂದು, ಬುದ್ಧಿ ಹೇಳಿ, ಬರೆಸಿಕೊಂಡು ಹೋಗುತ್ತಾರೆ. ಜೀಪು ಹೋದ ಮೇಲೆ ಸಂಗೀತಾ ಅದೇ ಒಲೆಯ ಮುಂದೆ ಕೂರಬೇಕಲ್ಲ. ಅವಳೇ ಒಮ್ಮೆ ನಳದ ಹತ್ತಿರ, ‘ತಡೀರಿ ಆಯಿ, ನಾ ಏನರ ಮಾಡ್ತೀನಿ’ ಎಂದಿದ್ದಳು. ಏನು ಎಂದು ಕೇಳುವುದರೊಳಗೆ ಹೌಸಾ ಬಂದು ಕೊಡ ಇಟ್ಟಿದ್ದಳು. ಹೌಸಾ ಯಾವಾಗಲೂ ಬಂದು ಕೊಡ ಇಡುತ್ತಿದ್ದಳು. ಸೊಸೆಯನ್ನು ಒಬ್ಬಳನ್ನೇ ಬಿಟ್ಟವಳಲ್ಲ.

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು, ಅಣ್ಣನೋ ತಮ್ಮನೋ ಬಂದು ಕರೆದೊಯ್ಯಬೇಕು. ನಮ್ಮ ಕಡೆ ಇದನ್ನು ಯಾವ ಅತ್ತೆಯೂ ತಡೆಯುವುದಿಲ್ಲ. ಹಾಗೆಯೇ ಈ ಓಣಿಯಿಂದ ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳು ಇಲ್ಲಿಗೆ ಬರುತ್ತಾರೆ. ಆ ವರ್ಷ ಸಂಗೀತಾಳ ತಮ್ಮ ಹಬ್ಬದ ಮುಂಜಾನೆ ಅಥಣಿಯಿಂದ ಬರುವವನಿದ್ದ. ಹಿಂದಿನ ದಿನ ಬಾಳು ತಂಗಿಯನ್ನು ಕರೆತರಲು ಕಾಗವಾಡಕ್ಕೆ ಹೋಗಿದ್ದ. ಅದೇ ದಿನ ಅಶ್ವಿನಿಗೆ ಚಿಕ್ಕೋಡಿಯಲ್ಲಿ ಪರೀಕ್ಷೆ.

ಆ ಹಿಂದಿನ ದಿನದ ಮುಂಜಾನೆ ಕಟ್ಟೆಯ ಮೇಲೆ ನಾನು, ಹೌಸಾ, ಮತ್ತು ಎದುರು ಮನೆಯ ಪಾರ್ವತಿ. ಸಂಗೀತಾ ಅವರ ಮನೆಯೊಳಗೆ ಉಂಡಿ ಕಟ್ಟುತ್ತಿದ್ದಳು, ಎಳ್ಳು ಹುರಿದ ವಾಸನೆ ಬರುತ್ತಿತ್ತು. ಚರಿಗೆಯಲ್ಲಿ ಫೋನಿಟ್ಟು ‘ಮೊರ’ದ ಶ್ರಾವಣ ಸಂಚಿಕೆ ಹಚ್ಚಿದ್ದೆ. ನಾನು ಹೇಳಿ ಬರೆಸಿದ್ದೇ ಓದುತ್ತಿತ್ತು, ಸಣ್ಣವಳಿದ್ದಾಗ ಜೋಕಾಲಿಯ ಹಗ್ಗ ಹರಿದು ಸಗಣಿಯಲ್ಲಿ ಬಿದ್ದದ್ದು. ಅದು ಮುಗಿದರೆ ಯಾವಾಗಲೂ ನಿಲ್ಲುತ್ತಿತ್ತು. ಆ ತಿಂಗಳು ಅದನ್ನು ನಡೆಸುವವರು ಏನು ಬದಲಿಸಿದ್ದರೋ, ನಿಲ್ಲಲಿಲ್ಲ. ‘ಓದುಗರ ಪ್ರತಿಕ್ರಿಯೆಗಳು’ ಎಂದಿತು.

ಮೊದಲು ಪಾರ್ವತಿಯದೇ ಬಂತು. ‘ಆಯಿ, ಆ ಸಗಣಿಯಿಂದಲೇ ನಿಮ್ಮ ಬಾಯಿ ಹೀಗಾಗಿರಬೇಕು.’ ನಾವು ನಕ್ಕೆವು. ನಗು ಮುಗಿಯುವುದರೊಳಗೆ ಅದೇ ಧ್ವನಿ ಮುಂದುವರಿಯಿತು.

‘ಆಯಿ, ಪಂಚಮಿಗೆ ದೀಪಾನ ನಮ್ಮೂರಿಗೆ ಕರಕೊಂಡ ಹೊಂಟೀನಿ. ತಿರುಗಿ ಕರಕೊಂಡ ಬರೂದಿಲ್ಲ. ಅಲ್ಲೇ ಸಾಲಿಗೆ ಹಚ್ಚತೀನಿ. ಕಾಗವಾಡದವರಿಗೆ ತಿಳಿಯೂದರೊಳಗ—’

ನಾನು ಮೊಣಕೈಯಿಂದ ಚರಿಗೆಯನ್ನು ದಬ್ಬಿದೆ. ಮಗ್ಗುಲಲ್ಲೇ ಎಲೆಯ ಬಕೆಟ್ಟಿತ್ತು. ಚರಿಗೆ ಹೊರಳಿತು, ಫೋನು ನೀರಿಗೆ ಬಿತ್ತು. ಗುಳುಗುಳು ಎಂದು ಏನೋ ಅಂದು ಆ ಬಾಯಿ ಮುಚ್ಚಿತು.

‘ಅಯ್ಯ ಆಯಿ, ಫೋನು’ ಎಂದು ಪಾರ್ವತಿ ಏಳಹೋದಳು. ನನ್ನ ಮುಖ ನೋಡಿ ಹಾಗೇ ಕೂತಳು. ಕೇಳಿದಷ್ಟರಲ್ಲೇ ಅವಳಿಗೆ ಎಲ್ಲ ತಿಳಿದುಹೋಗಿತ್ತು. ಅವಳ ಬಾಯಿಯ ಭಯ ನನಗಿರಲಿಲ್ಲ, ಜೋರು ಮಾತಿನವಳು, ಚಾಡಿಯವಳಲ್ಲ.

ಬಕೆಟ್ಟಿನ ನೀರು ತುಳುಕಿ ಹೌಸಾಳ ಸೀರೆ ಮೊಣಕಾಲಿನವರೆಗೆ ತೊಯ್ದಿತ್ತು. ಪಕ್ಕದ ಮನೆಯ ಬಟ್ಟೆಯ ಹಗ್ಗದಿಂದ ಒಂದು ಹನಿ ಬಿದ್ದರೆ ಓಣಿ ಕೂಡಿಸುವವಳು ತಲೆ ಎತ್ತಲಿಲ್ಲ. ಬೀಡಿಗೆ ಕೆಂಪು ದಾರ ಸುತ್ತಿ, ಹರಿದು, ಮುಂದಿನ ಎಲೆ ತೆಗೆದುಕೊಂಡಳು. ಕಿವಿ ಕೇಳದ್ದಕ್ಕೆ ಉಳಿದೆವು ಎಂದುಕೊಂಡೆ. ಸೀರೆಯ ವಿಚಾರ ಆಗ ನನ್ನ ತಲೆಗೆ ಹೋಗಲಿಲ್ಲ.

ಉಂಡಿಗೆ ಬೆಲ್ಲ ಕೊಡುವ ನೆವದಲ್ಲಿ ಹಿತ್ತಲ ಬಾಗಿಲಿನಿಂದ ಸಂಗೀತಾಳ ಅಡಿಗೆಮನೆಗೆ ಹೋದೆ. ಹೇಳಿದೆ. ಅವಳ ಕೈಯೊಳಗಿನ ಉಂಡಿ ಒಡೆದು ಬೋಗುಣಿಗೆ ಉದುರಿತು.

‘ಅದು ಓದಿ ಹೇಳ್ತೈತೇನ್ರಿ? ಬರದದ್ದನ್ನೂ?’

‘ಹೇಳಿತಲ್ಲ.’

‘ನಿಮಗೊಬ್ರಿಗೇ ತಿಳೀಲಿ ಅಂತ ಬರದಿದ್ದೆ ಆಯಿ. ಬಾಯಿಲೆ ಹೇಳಾಕ ಅತ್ತಿ ಎಲ್ಲಿ ಬಿಡ್ತಾರ. ದೀಪಾಗೂ ಹೇಳಿಲ್ಲರಿ ಇನ್ನಾ. ಸಾಲಿ ಪುಸ್ತಕ ಚೀಲದ ತಳಕ್ಕ ಹಾಕಿ ಮ್ಯಾಲೆ ಉಂಡಿ ಇಡ್ತೀನಿ ಅಂದ್ಕೊಂಡಿದ್ದೆ.’ ಒಡೆದ ಉಂಡಿಯನ್ನು ಮತ್ತೆ ಕೂಡಿಸುತ್ತ ಕೇಳಿದಳು, ‘ಫೋನ ಮುಳಗೇತಂದ್ರ ಬರದದ್ದೂ ಹೋಗಿರ್ಬೇಕಲ್ಲರಿ?’

‘ಹೋಗಲಾರದ ಏನ್ ಮಾಡ್ತೈತಿ. ನೀರಾಗ ಬಿದ್ದ ಹಾಳಿಮ್ಯಾಲಿನ ಅಕ್ಷರ ಉಳಿತಾವೇನ’ ಎಂದೆ.

ಹಾಗೆಂದು ನಾನು ಖರೇ ನಂಬಿದ್ದೆ. ಫೋನನ್ನು ಸೆರಗಿನಿಂದ ಒರೆಸಿ ಗೂಡಿನಲ್ಲಿಟ್ಟೆ. ಎಷ್ಟು ಒತ್ತಿದರೂ ಉಸಿರಿಲ್ಲ. ಸತ್ತದ್ದು ಪಾಡಾಯಿತು, ಇನ್ನು ಹೆದರಿಕೆಯಿಲ್ಲ ಎಂದುಕೊಂಡೆ.

ಮಧ್ಯಾಹ್ನದ ಮೇಲೆ ಶೋಭಾ ಬಂದಳು. ಬಾಳು ಅವಳ ಚೀಲ ಒಳಗಿಟ್ಟು ಮಲಗಿದ. ಶೋಭಾ ಕಾಲು ತೊಳೆದು, ಚಹಾ ಕುಡಿದು, ನೇರ ನಮ್ಮ ಕಟ್ಟೆಗೆ ಬಂದು ಕೂತಳು. ಕೈಯಲ್ಲಿ ದೊಡ್ಡ ಫೋನು.

‘ಮಾವಶಿ, ನಿಮ್ಮ ಮೊರ ಈ ತಿಂಗಳದ್ದು ಬಂದೈತಲ್ಲ. ಬಸ್ಸಿನ್ಯಾಗ ತಗದಿದ್ದೆ, ರೇಂಜ್ ಹೋತು. ಜೋಕಾಲಿ ಬಗ್ಗೆ ಬರದೀರಂತ’ ಎಂದು ನನ್ನ ಮುಖದ ಮುಂದೆ ಹಿಡಿದಳು.

ಅದೇ ಮುಖಪುಟ. ಹಳದಿ ಸೀರೆಯ ಹುಡುಗಿ, ಜೋಕಾಲಿ, ಕೆಳಗೆ ಆ ಕಣ್ಣು. ನಾನು ಮುಳುಗಿಸಿದ್ದು ಇವಳ ಅಂಗೈಯಲ್ಲಿ ಮೈ ಒಣಗಿಸಿಕೊಂಡು ಕೂತಿತ್ತು.

‘ಇದು ನಿನ್ನ ಫೋನಿನ್ಯಾಗ ಹ್ಯಾಂಗ ಬಂತು?’ ಎಂದೆ.

‘ಎಲ್ಲಾರ ಫೋನಿನ್ಯಾಗೂ ಬರ್ತೈತಿ ಮಾವಶಿ. ದುಬೈದಾಗ ಕುಂತು ನಮ್ಮ ಮೈದುನ ಓದ್ತಾನ. ನೀವು ಭಾಳ ಹೆಸರ ಮಾಡೀರಿ.’

ಬೆರಳಿನಿಂದ ಹಾಳೆ ಸರಿಸಿದಳು. ಹಾಳೆಯ ಸದ್ದು ಬಂತು. ನನ್ನ ಬರಹ ಮೂರನೆಯ ಹಾಳೆಯಲ್ಲಿ, ಅದರ ಕೆಳಗೆ ಸಂಗೀತಾ. ಅಶ್ವಿನಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಅವಳಿಗೆ ಹೇಳಿಸೋಣವೆಂದರೆ ನಂಬರು ಸತ್ತ ಫೋನಿನೊಳಗೆ, ಪರೀಕ್ಷೆಯ ಕೋಣೆಯಲ್ಲಿ ಅವಳ ಫೋನೂ ಬಂದ್.

ಏನು ಮಾಡಲಿ ಎಂದು ವಿಚಾರ ಮಾಡುವಷ್ಟು ಹೊತ್ತಿರಲಿಲ್ಲ. ನನ್ನ ಮೊರ ಎತ್ತಿ ಅವಳ ತೊಡೆಯ ಮೇಲಿಟ್ಟೆ.

‘ಶೋಬಿ, ನಿನ್ನ ಕೈ ಇನ್ನೂ ಓಡ್ತಾವೋ, ದ್ರಾಕ್ಷಿ ತಿಂದು ತಿಂದು ಮೆತ್ತಗಾಗ್ಯಾವೋ?’

‘ಏನಂದ್ರಿ ಮಾವಶಿ?’

‘ಲಗ್ನದಕ್ಕಿಂತ ಮೊದಲ ಈ ಓಣ್ಯಾಗ ನಿನ್ನಂಗ ಕಟ್ಟಾವ್ರು ಇರಲಿಲ್ಲ. ಈಗ ತ್ವಾಟದ ಮಾಲಕೀಣ. ಎಲಿ ಹಿಡಿಯೂದರ ನೆನಪೈತೋ ಇಲ್ಲೋ.’

ಪಾರ್ವತಿ ಬಹಳ ಚುರುಕು. ‘ಬಿಡ್ರಿ ಆಯಿ, ಅವ್ರ ಉಗರಿನ ಬಣ್ಣ ಹೋಗ್ತೈತಿ’ ಎಂದಳು.

ಅಷ್ಟು ಸಾಕಾಯಿತು. ಶೋಭಾ ಫೋನನ್ನು ಕಟ್ಟೆಯ ಮೇಲಿಟ್ಟು ತೋಳೇರಿಸಿದಳು. ಒದ್ದೆ ಎಲೆ ತೆಗೆದು, ತಂಬಾಕು ಹರವಿ, ಹೊರಳಿಸಿದಳು. ಮೊದಲೆರಡು ಸೊಟ್ಟ, ಆಮೇಲೆ ಕೈ ಹಳೆಯ ಹಾದಿ ಹಿಡಿಯಿತು. ನನಗೆ ಬೇಕಾದದ್ದು ಅದೇ. ಎಲೆಯ ನೀರು, ತಂಬಾಕಿನ ಧೂಳು ಕೂಡಿದ ಕೈಯಿಂದ ಯಾರೂ ಅಂಥ ಫೋನು ಮುಟ್ಟುವುದಿಲ್ಲ. ಎಲೆ ಮುಗಿಯುವ ಮೊದಲೇ ಎಲೆ ಇಟ್ಟೆ, ದಾರ ಮುಗಿಯುವ ಮೊದಲೇ ದಾರ. ಫೋನು ನಡುನಡುವೆ ಬೆಳಗುತ್ತಿತ್ತು, ಯಾರದೋ ಸಂದೇಶ. ಅವಳ ಕಣ್ಣು ಅತ್ತ ಹೋದಾಗಲೆಲ್ಲ ನಾನು ಕಾಗವಾಡದ ಎಮ್ಮೆ ಕೇಳಿದೆ, ಔಷಧ ಹೊಡೆದದ್ದು ಕೇಳಿದೆ, ಅವಳ ಅತ್ತೆಯ ಮಂಡಿ ನೋವು ಕೇಳಿದೆ. ಹುಟ್ಟಿದಾಗಿನಿಂದ ನಾನು ಯಾರ ಮಂಡಿಯನ್ನೂ ಅಷ್ಟು ವಿಚಾರಿಸಿದವಳಲ್ಲ. ನನ್ನ ಕೈಯಲ್ಲಿದ್ದ ಬೀಡಿ ಬಿಚ್ಚಿ ಬಿಚ್ಚಿ ಹೋಗುತ್ತಿತ್ತು.

ಸಂಗೀತಾ ಒಮ್ಮೆ ಬಾಗಿಲಿಗೆ ಬಂದಳು. ನಾನು ತನ್ನತ್ತ ನೋಡಿದ್ದನ್ನು ಕಂಡು, ಕಟ್ಟೆಯ ಮೇಲಿನ ಫೋನು ಕಂಡು, ಒಳಗೆ ಹೋದಳು. ಆಮೇಲೆ ಒಳಗಿನಿಂದ ಉಂಡಿ ಕಟ್ಟುವ ಬಳೆಯ ಸದ್ದೂ ನಿಂತಿತು.

ಮಳೆ ಜೋರಾಯಿತು. ಮಾತು ಬತ್ತಿತು. ಶೋಭಾ ಕತ್ತು ಮುರಿದುಕೊಂಡು ಅಂದಳು, ‘ಸುಮ್ಮನ ಕಟ್ಟಾಕ ಬ್ಯಾಸರ ಮಾವಶಿ. ಪಾರ್ವತಕ್ಕ, ನಂದ ಫೋನ ಆ ಚರಿಗ್ಯಾಗ ಇಡ್ರಿ. ಕಿವಿ ಚಿತ್ರ ಒತ್ತಿದ್ರ ಓದ್ತೈತಿ. ಕೇಳ್ಕೋಂತ ಕಟ್ಟೋಣಂತ.’

ಅವಳ ಕಣ್ಣು ಕಟ್ಟುವ ಭರದಲ್ಲಿ ಕಿವಿ ಬಿಟ್ಟುಬಿಟ್ಟಿದ್ದೆ. ಓಣಿಯಲ್ಲಿ ಕೈ ತುಂಬಿದವರೆಲ್ಲ ಬೇಡುವುದು ಅದನ್ನೇ, ಅದು ನನಗೆ ಗೊತ್ತಿರಬೇಕಿತ್ತು. ಪಾರ್ವತಿ ನನ್ನನ್ನು ನೋಡಿದಳು. ನನ್ನ ಹತ್ತಿರ ಇನ್ನೊಂದು ಬಕೆಟ್ಟಿನ ನೆವ ಇರಲಿಲ್ಲ. ಪಾರ್ವತಿ ಸಾವಕಾಶ ಕೈ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ‘ಒತ್ರಿ ಅಕ್ಕಾ’ ಎಂದಳು ಶೋಭಾ.

‘ಬಂದ್ ಕರ ಗಂ ತೆ.’

ಹೌಸಾ. ಸಿಟ್ಟು ಬಂದರೆ ಅವಳ ಬಾಯಿಗೆ ಮರಾಠಿ ಮೊದಲು ಬರುತ್ತದೆ. ‘ಬಂದ್ ಮಾಡು ಅದನ. ವರ್ಷಕ್ಕ ಒಮ್ಮಿ ತವರಿಗೆ ಬಂದು ಅವ್ವನ ಕೂಡ ಮಾತಾಡೂದ ಬಿಟ್ಟು ಡಬ್ಬಿ ಮಾತ ಕೇಳಾಕತ್ತಾಳ. ಮುಂಜಾನಿಂದ ಅದರ ಸಪ್ಪಳಕ್ಕ ನನ್ನ ತಲಿ ಸಿಡ್ಯಾಕತ್ತೈತಿ.’

ಶೋಭಾ ನಕ್ಕಳು. ‘ಅವ್ವಾ, ನಿನಗ ಕೇಳೂದಽ ಇಲ್ಲ. ತಲಿ ಹ್ಯಾಂಗ ಸಿಡೀತೈತಿ?’

‘ಆಂ?’ ಹೌಸಾ ಕಿವಿಗೆ ಕೈ ಹಚ್ಚಿದಳು. ‘ಏನಂದಿ?’

‘ಏನಿಲ್ಲ ಬಿಡವ್ವಾ’ ಎಂದು ಶೋಭಾ ಕೂಗಿದಳು.

‘ನಿನ್ನ ಎಮ್ಮಿ ಎಷ್ಟ ಹಿಂಡ್ತೈತಿ ಹೇಳು.’

ನಾನು ಕೇಳಿದ್ದನ್ನೇ ಮತ್ತೆ ಕೇಳಿದಳು. ಶೋಭಾ ಕೂಗಿ ಕೂಗಿ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು, ಎಮ್ಮೆ, ಔಷಧ, ಮಂಡಿ. ಅವಳ ಧ್ವನಿಯ ಮುಂದೆ ಇನ್ಯಾವ ಧ್ವನಿಗೂ ಜಾಗವಿರಲಿಲ್ಲ. ನಾನು ಹೌಸಾಳ ಸೀರೆ ನೋಡಿದೆ. ಮೊಣಕಾಲಿನವರೆಗೆ ಎಲೆ ನೀರಿನ ಕಂದು ಕಲೆ ಒಣಗಿ ನಿಂತಿತ್ತು. ಮುಂಜಾನೆಯಿಂದ ಎಂದಿದ್ದಳು. ಮುಂಜಾನೆ ಫೋನು ಓದಿದ್ದು ಎರಡೇ, ನನ್ನ ಜೋಕಾಲಿ ಮತ್ತು ಅದರ ಕೆಳಗೆ ಸೊಸೆಯರು ಬರೆದದ್ದು. ಆದರೂ ಖಾತ್ರಿಯಿಲ್ಲ. ಮುದುಕಿಯರು ತಲೆನೋವು ಎನ್ನುವುದಕ್ಕೆ ಕಾರಣ ಬೇಕಿಲ್ಲ. ಕೇಳಿದ್ದರೆ ನಾಳೆಯವರೆಗೆ ಸುಮ್ಮನಿದ್ದು ಬಸ್ಸಿನ ಹೊತ್ತಿಗೆ ಹುಡುಗಿಯನ್ನು ತಡೆಯುತ್ತಾಳೋ ಏನೋ. ಮಗಳಿಗೆ ಮಾತು ಕೊಟ್ಟವಳು ಅವಳೇ. ನನಗೆ ಶೋಭಾಳ ಫೋನಿಗಿಂತ ಹೌಸಾಳ ಕಿವಿಯ ಹೆದರಿಕೆ ಹೆಚ್ಚಾಯಿತು.

ಅಶ್ವಿನಿ ತೊಯ್ದುಕೊಂಡು ಬಂದಳು. ಚಪ್ಪಲಿ ಬಿಡುವ ಮೊದಲೇ ಅವಳನ್ನು ಒಲೆಯ ಹತ್ತಿರ ಎಳೆದೆ. ಪರೀಕ್ಷೆ ಹೇಗಾಯಿತೆಂದೂ ಕೇಳಲಿಲ್ಲ. ಅವಳು ತನ್ನ ಫೋನು ತೆಗೆದು ಏನೇನೋ ಒತ್ತಿದಳು.

‘ಹೋತೇನ?’

‘ಹೋತು ಆಯಿ.’

‘ಬಕೆಟ್ಟಿನ್ಯಾಗ ಹೋದಂಗ ಹೋತೋ, ಖರೇನ ಹೋತೋ?’

‘ಖರೇನ ಹೋತು. ಯಾರಿಗೂ ಕಾಣೂದಿಲ್ಲ ಇನ್ನ.’

‘ಇಷ್ಟೊತ್ತನ್ಯಾಗ ಯಾರ ಯಾರ ನೋಡ್ಯಾರ?’

‘ಎಷ್ಟ ಮಂದಿ ಅಂತ ತೋರಸ್ತೈತಿ. ಯಾರ ಅಂತ ತೋರಸೂದಿಲ್ಲ.’

ಆ ಕಣ್ಣನ್ನು ಅವಳು ನನಗೆ ತೋರಿಸಿದಳು. ಮುಂಜಾನೆಗಿಂತ ಲೆಕ್ಕ ಏರಿತ್ತು. ಯಾವ ಊರಿನ ಕಣ್ಣೋ, ದುಬೈದ್ದೋ, ಕಾಗವಾಡದ್ದೋ. ಹೊರಗೆ ಶೋಭಾ ಕೈ ತೊಳೆದು ಫೋನು ಹಿಡಿದು ನನ್ನ ಜೋಕಾಲಿ ಓದಿ ನಗುತ್ತಿದ್ದಳು.

ಮರುದಿನ ಮುಂಜಾನೆ ಸಂಗೀತಾಳ ತಮ್ಮ ಬಂದ. ನಾಗಪ್ಪನಿಗೆ ಹಾಲೆರೆದು, ತಿಂಡಿಯಾಗಿ, ಹೊರಡುವ ಹೊತ್ತು. ದೀಪಾ ಹೊಸ ಬಳೆ ಹಾಕಿಕೊಂಡು ಕುಣಿಯುತ್ತಿದ್ದಳು, ಅವಳಿಗೆ ಜೋಕಾಲಿ ಬಿಟ್ಟರೆ ಬೇರೇನೂ ತಲೆಯಲ್ಲಿಲ್ಲ. ನಾನು ನಮ್ಮ ಕಟ್ಟೆಯ ಮೇಲೆ ನಿಂತಿದ್ದೆ. ಶೋಭಾ ಅತ್ತಿಗೆಗೆ ನೆರವಾಗಲು ಹೋಗಿ ಚೀಲದ ಕಿವಿ ಹಿಡಿದು ಎತ್ತಿದಳು. ಎತ್ತಿ ಹಾಗೇ ಇಳಿಸಿದಳು.

‘ವೈನಿ, ಏನ ತುಂಬೀರಿ ಇದರಾಗ? ಕಲ್ಲೇನ?’

ಸಂಗೀತಾ ಚೀಲದ ಬಾಯಿಯ ಮೇಲೆ ಕೈ ಇಟ್ಟಳು.

‘ಉಂಡಿ’ ಎಂದಳು ಹೌಸಾ ಒಳಗಿನಿಂದ ಬಂದು. ‘ಬೀಗರ ಊರಿಗೆ ಖಾಲಿ ಚೀಲ ಕಳಸ್ಲೇನ? ನಾನಽ ತುಂಬೀನಿ.’ ಚೀಲ ಎತ್ತಿ ಸಂಗೀತಾಳ ತಮ್ಮನ ಹೆಗಲಿಗೆ ಹಾಕಿದಳು. ಆ ವಯಸ್ಸಿಗೆ ಅಷ್ಟು ಭಾರ ಎತ್ತಿದ್ದಕ್ಕೆ ಅವಳ ಕುತ್ತಿಗೆಯ ನರ ಉಬ್ಬಿತ್ತು. ‘ನಡೀರಿ, ಬಸ್ಸ ನಿಮ್ಮಪ್ಪಂದೇನ ನಿಲ್ಲಾಕ.’

ದೀಪಾಳ ಕಡೆ ನೋಡಲಿಲ್ಲ. ಹುಡುಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದರೆ, ‘ಹೂಂ ಹೂಂ’ ಎಂದು ತಲೆಗೆ ಮೊಟಕಿ ಒಳಗೆ ಹೋದಳು. ಆ ಚೀಲಕ್ಕೆ ಒಂದು ಉಂಡಿಯನ್ನೂ ಅವಳು ತುಂಬಿರಲಿಲ್ಲ.

ಮುಂದಿನದು ಸುಖದ ಕತೆಯಲ್ಲ. ಪಂಚಮಿ ಮುಗಿದು ಸಂಗೀತಾ ಒಬ್ಬಳೇ ತಿರುಗಿ ಬಂದಳು. ಮಗಳನ್ನು ಅಲ್ಲಿಯ ಶಾಲೆಗೆ ಹಚ್ಚಿದ್ದೇನೆ, ಹಾಸ್ಟೆಲಿಗೂ ಬರೆದುಕೊಟ್ಟಿದ್ದೇನೆ ಎಂದು ಎಲ್ಲರೆದುರು ಹೇಳಿದಳು. ಬಾಳು ಅಥಣಿಗೆ ಹೋಗಿ ಜಗಳ ಮಾಡಿ ಬರಿಗೈಯಲ್ಲಿ ಬಂದ, ಆಮೇಲೆ ಎರಡು ವಾರ ಇಚಲಕರಂಜಿಯಿಂದ ಬರಲೇ ಇಲ್ಲ. ಶೋಭಾ ಫೋನಿನಲ್ಲಿ ಅತ್ತು, ಬೈದು, ಇನ್ನು ಆ ಹೊಸ್ತಿಲು ತುಳಿಯುವುದಿಲ್ಲ ಎಂದಳು. ತುಳಿಯಲೂ ಇಲ್ಲ, ಎಷ್ಟೋ ಪಂಚಮಿ. ಎಲ್ಲರಿಗಿಂತ ಜೋರಾಗಿ ಕೂಗಾಡಿದವಳು ಹೌಸಾ. ಸೊಸೆ ಮನೆತನ ಮುಳುಗಿಸಿದಳು ಎಂದು ಓಣಿಗೆ ಕೇಳುವಂತೆ ದೀಪಾವಳಿಯವರೆಗೂ ಬೈದಳು. ಸಂಗೀತಾ ತಲೆ ತಗ್ಗಿಸಿ ಕೇಳಿಸಿಕೊಂಡಳು. ಆ ಬೈಗುಳ ಖರೆಯೋ, ಊರಿಗೆ ತೋರಿಸಲಿಕ್ಕೋ ಎಂದು ನಾನು ಹೌಸಾಳನ್ನು ಕೇಳಿಲ್ಲ. ಕೇಳಿದರೆ ‘ಆಂ?’ ಎನ್ನುತ್ತಾಳೆ. ಎರಡೂ ಇದ್ದಿರಬೇಕು. ಮಗಳು ಶೋಭಾಳನ್ನು ಅವಳು ಕಳಕೊಂಡದ್ದಂತೂ ಖರೆ.

ಆ ತಿಂಗಳಿಂದ ಅಶ್ವಿನಿ ‘ಮೊರ’ದ ಕೆಳಗಿನ ಖಾಲಿ ಜಾಗ ಮುಚ್ಚಿದಳು. ಸೊಸೆಯರು ನಾವು ಎಲ್ಲಿ ಬರೆಯೋಣ ಎಂದು ಗದ್ದಲ ಹಾಕಿದರು. ಈಗ ಪ್ರತಿ ಸಂಚಿಕೆಯ ಒಂದು ಪ್ರತಿಯನ್ನು ಕಾಗದದ ಮೇಲೆ ತೆಗೆಸಿ ತರುತ್ತಾಳೆ, ನಾಲ್ಕೂ ಕಡೆ ಅಗಲ ಅಂಚು ಬಿಟ್ಟು. ಅದು ಓಣಿ ತಿರುಗಿ ಕರ್ರಗಾಗಿ ಬರುತ್ತದೆ. ಊರ ಕಣ್ಣಿಗೆ ಫೋನಿನದು, ನಮಗೆ ಕಾಗದದ್ದು. ನಾನಂತೂ ಇವತ್ತಿಗೂ ಹೊಸ ಸಂಚಿಕೆ ಬಂದ ದಿನ ಆ ಕಣ್ಣಿನ ಲೆಕ್ಕ ನೋಡುವುದಿಲ್ಲ, ಅಶ್ವಿನಿಗೆ ಬೆರಳಿನಿಂದ ಮುಚ್ಚಿ ತೋರಿಸು ಎನ್ನುತ್ತೇನೆ.

ಶೋಭಾಳ ಮಗನಿಗೆ ಬೇರೆ ಕಡೆ ಹೆಣ್ಣು ತಂದರು. ಓದಿದ ಹುಡುಗಿ, ತೋಟದ ಲೆಕ್ಕವೆಲ್ಲ ಅವಳೇ ನೋಡುತ್ತಾಳಂತೆ, ಅತ್ತೆಯನ್ನೂ ನೋಡುತ್ತಾಳಂತೆ. ಈ ಪಂಚಮಿಗೆ ಶೋಭಾ ಬರುತ್ತೇನೆ ಎಂದಿದ್ದಾಳೆ. ಬಂದರೆ ಇದನ್ನು ಓದಿರುತ್ತಾಳೆ. ಅವಳ ಎದುರು ಹೇಗೆ ಕೂರಬೇಕೆಂದು ನನಗಿನ್ನೂ ತಿಳಿದಿಲ್ಲ.

ಮೊನ್ನೆ, ಮೊದಲು ಹೇಳಿದೆನಲ್ಲ, ಬಕೆಟ್ಟಿನಲ್ಲಿ ಎಲೆ ಅದ್ದಿದ ದಿನ, ಈ ತಿಂಗಳ ‘ಮೊರ’ ಬಂದಿತ್ತು. ಅದರಲ್ಲಿ ದೀಪಾ ಬರೆದದ್ದಿದೆ. ಹತ್ತನೆತ್ತೆ ಪಾಸಾಗಿ ಈಗ ಅಥಣಿಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಹಾಸ್ಟೆಲಿನ ನೀರು ಸಾರು, ಬಚ್ಚಲಿನ ಪಾಳಿ, ಬಟ್ಟೆ ಕದಿಯುವ ಕೋತಿ, ಇಷ್ಟೇ ಬರೆದಿದ್ದಾಳೆ. ಕೊನೆಗೆ ಒಂದು ಮಾತು, ಇಲ್ಲಿ ರಾತ್ರಿ ಬಹಳ ಸುಮ್ಮನಿರುತ್ತದೆ, ಅಜ್ಜಿ ಹಲ್ಲಿನಿಂದ ದಾರ ಹರಿಯುವ ಸಪ್ಪಳ ಇಲ್ಲದೆ ಮೊದಮೊದಲು ನಿದ್ದೆ ಬರುತ್ತಿರಲಿಲ್ಲ ಎಂದು.

ಚರಿಗೆಯಲ್ಲಿ ಈಗ ಅಶ್ವಿನಿಯ ಫೋನು, ಅದೇ ಏರಿಳಿವಿಲ್ಲದ ಧ್ವನಿ. ನಾನು, ಪಾರ್ವತಿ, ಹೌಸಾ. ಸಂಗೀತಾ ಬಾಗಿಲಲ್ಲಿ ನಿಂತಿದ್ದಳು. ಧ್ವನಿ ಆ ಸಾಲಿಗೆ ಬಂದಾಗ ಹೌಸಾಳ ಕೈ ನಿಂತಿತು. ಅರ್ಧ ಹೊರಳಿಸಿದ ಎಲೆ ಬೆರಳ ನಡುವೆ, ತಂಬಾಕು ಮೊರಕ್ಕೆ ಉದುರುತ್ತಿತ್ತು. ಓದು ಮುಗಿಯಿತು, ಮಳೆಯ ಸದ್ದು ಉಳಿಯಿತು, ಅವಳ ಕೈ ಏಳಲಿಲ್ಲ. ಈ ಓಣಿಯಲ್ಲಿ ಹೆಣ ಹೋಗುವಾಗ ಮಾತ್ರ ಅವಳ ಕೈ ನಿಂತದ್ದನ್ನು ನಾನು ಕಂಡಿದ್ದೇನೆ.

ಏಳುವ ಹೊತ್ತಿಗೆ ಅವಳ ಮೊರ ಅರೆಖಾಲಿ. ನಾನು ನನ್ನದರಿಂದ ಒಂದು ಹಿಡಿ ಬೀಡಿ ತೆಗೆದು ಅದರೊಳಗೆ ಹಾಕಿದೆ. ಪಾರ್ವತಿಯೂ ಹಾಕಿದಳು.

ಹೌಸಾ ನನ್ನ ಹಿಡಿಯಿಂದ ಒಂದು ತೆಗೆದು, ಎರಡು ಬೆರಳಿನಲ್ಲಿ ಒತ್ತಿ ನೋಡಿದಳು.

‘ಸಡಿಲ ಐತಿ’ ಎಂದಳು. ‘ಕಾರಖಾನ್ಯಾಗ ಹರದ ಒಗೀತಾರ.’

ಅದೊಂದನ್ನು ನನ್ನ ಮೊರಕ್ಕೆ ತಿರುಗಿ ಒಗೆದಳು. ಉಳಿದವನ್ನು ಇಟ್ಟುಕೊಂಡಳು.